ಒಂದು ಕಾಂಡ, ಹಲವು ಬಳ್ಳಿ

ಮನುಷ್ಯನು ಒಂದೇ ಕೆಲಸಕ್ಕೆಂದು ಹುಟ್ಟಿದವನೋ, ಹಲವು ಕೆಲಸಗಳಿಗೆಂದು ಹುಟ್ಟಿದವನೋ ಎಂಬ ಪ್ರಶ್ನೆ ಬಹು ಹಳೆಯದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಮನೆಗಳಲ್ಲಿ ಅದು ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮರುದಿನವೇ ಹೊಸದಾಗಿ ಎದುರು ನಿಲ್ಲುತ್ತದೆ. ವಿಜ್ಞಾನ, ವಾಣಿಜ್ಯ, ಕಲೆ ಎಂಬ ಮೂರು ಬಾಗಿಲುಗಳ ಮುಂದೆ ಹದಿನಾರರ ವಯಸ್ಸಿನ ಬಾಲಕ ಬಾಲಕಿಯರು ನಿಂತಿರುತ್ತಾರೆ. ಒಂದನ್ನು ಹೊಕ್ಕರೆ ಉಳಿದೆರಡು ಬಹುಮಟ್ಟಿಗೆ ಮುಚ್ಚಿದಂತೆಯೇ. ತಂದೆತಾಯಿಗಳು, ನೆಂಟರಿಷ್ಟರು, ಕೆಲವೊಮ್ಮೆ ಶಿಕ್ಷಕರೂ ಕೂಡಿ ಒಂದೇ ಮಾತನ್ನು ಹೇಳುತ್ತಾರೆ: "ಒಂದು ದಾರಿ ಹಿಡಿ, ಅತ್ತ ಇತ್ತ ನೋಡಬೇಡ." ಈ ಉಪದೇಶದ ಹಿಂದೆ ಮಕ್ಕಳ ಮೇಲಿನ ಅಕ್ಕರೆ ಇದೆ, ಅವರ ನಾಳಿನ ಚಿಂತೆ ಇದೆ, ಅದರಲ್ಲಿ ಸಂಶಯವಿಲ್ಲ. ಆದರೆ ಈ ಉಪದೇಶ ಅರ್ಧ ಸತ್ಯವಷ್ಟೇ. ಉಳಿದರ್ಧವನ್ನು ಹೇಳದೆ ಹೋದರೆ ಮಗುವಿಗೂ ಊರಿಗೂ ಹಾನಿ ತಪ್ಪದು.

ಮೊದಲು ಆ ಅರ್ಧ ಸತ್ಯಕ್ಕೆ ನ್ಯಾಯ ಸಲ್ಲಬೇಕು. ಒಂದೇ ಕೆಲಸದಲ್ಲಿ ಪರಿಣತಿ ಪಡೆಯುವುದರ ಲಾಭವನ್ನು ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ತನ್ನ ಅರ್ಥಶಾಸ್ತ್ರದ ಗ್ರಂಥದಲ್ಲಿ ಗುಂಡುಸೂಜಿಯ ಉದಾಹರಣೆಯಿಂದ ವಿವರಿಸಿದನು. ಕೆಲಸವನ್ನು ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿಗಳನ್ನು ಮಾಡಬಲ್ಲರು. ಎಲ್ಲವನ್ನೂ ಒಬ್ಬನೇ ಮಾಡಹೊರಟರೆ ಇಪ್ಪತ್ತೂ ಆಗವು ಎಂಬುದು ಅವನ ಲೆಕ್ಕ. ವಿದ್ಯಾವಂತರೆಲ್ಲ ಈ ಮಾತನ್ನು ಬಲ್ಲರು. ಆದರೆ ಅದೇ ಗ್ರಂಥದ ಐದನೆಯ ಭಾಗದಲ್ಲಿ ಅವನೇ ಕೊಟ್ಟ ಎಚ್ಚರಿಕೆಯನ್ನು ನೆನೆಯುವವರು ವಿರಳ. ಜೀವಮಾನವೆಲ್ಲ ಒಂದೆರಡು ಸರಳ ಕ್ರಿಯೆಗಳನ್ನೇ ಮಾಡುತ್ತ ಕುಳಿತವನ ಬುದ್ಧಿ ಮಂಕಾಗುತ್ತದೆ, ವಿವೇಚನೆ ಕುಂದುತ್ತದೆ. ಆದುದರಿಂದ ಸಾಮಾನ್ಯ ಜನರ ಶಿಕ್ಷಣಕ್ಕೆ ಸಮಾಜ ಗಮನ ಕೊಡಬೇಕು ಎಂದು ಅವನು ವಾದಿಸಿದನು. ಶ್ರಮವಿಭಜನೆಯನ್ನು ಹೊಗಳಿದವನೇ ಅದರ ಮದ್ದನ್ನು ಶಾಲೆಯಲ್ಲಿ ಹುಡುಕಿದನೆಂಬುದು ಶಿಕ್ಷಕರು ಮರೆಯಬಾರದ ಸಂಗತಿ.

ಪರಿಣತಿಯ ಮಹತ್ವವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕೊನೆ ಕೊಯ್ಯುವ ಕೊನೆಗೌಡನ ಕೆಲಸವನ್ನು ಕಂಡವರೆಲ್ಲ ಅದಕ್ಕೆ ತಲೆಬಾಗಿದ್ದಾರೆ. ಮಳೆಗಾಲದಲ್ಲಿ ಜಾರುವ ಮರವನ್ನೇರಿ, ಕೊಳೆರೋಗ ತಗಲದಂತೆ ಗೊನೆಗೊನೆಗೂ ಬೋರ್ಡೋ ದ್ರಾವಣ ಹೊಡೆದು, ಮರದಿಂದ ಮರಕ್ಕೆ ದಾಟುವ ಆ ಕೌಶಲ ಒಂದೆರಡು ತಿಂಗಳಲ್ಲಿ ಕೈಗೂಡುವಂಥದಲ್ಲ. ಅಂಥವರ ಸಂಖ್ಯೆ ಇಳಿದುದರಿಂದಲೇ ಈಚಿನ ವರ್ಷಗಳಲ್ಲಿ ಫೈಬರ್ ದೋಟಿಗಳು ತೋಟಕ್ಕೆ ಬಂದಿವೆ. ಶಸ್ತ್ರವೈದ್ಯನೂ ವಿಮಾನಚಾಲಕನೂ ಹಾಗೆಯೇ. ಅವರು ತಮ್ಮ ಒಂದು ವಿದ್ಯೆಯನ್ನು ಬುಡದವರೆಗೆ ಕಲಿತಿರಲೇಬೇಕು. ಒಂದನ್ನು ಆಳವಾಗಿ ಕಲಿಯದವನು ಹಲವನ್ನು ಕಲಿತರೂ ನೀರ ಮೇಲಿನ ಗೆರೆ ಎಳೆದಂತೆ. ಆದುದರಿಂದ ಒಂದೋ ಹಲವೋ ಎಂದು ಕೇಳುವುದಕ್ಕಿಂತ, ಒಂದನ್ನು ಬೇರೂರಿಸಿದ ಮೇಲೆ ಅದರ ಸುತ್ತ ಏನನ್ನು ಬೆಳೆಸಬೇಕೆಂದು ಕೇಳುವುದೇ ಸರಿ.

ಈ ಪ್ರಶ್ನೆಗೆ ಉತ್ತರವನ್ನು ಈ ಸೀಮೆಯ ತೋಟಗಳೇ ತಲೆಮಾರುಗಳಿಂದ ಕೊಡುತ್ತ ಬಂದಿವೆ. ಅಡಿಕೆಯ ತೋಟವೆಂದು ಕರೆದರೂ ಅದು ಅಡಿಕೆಯೊಂದರ ತೋಟವಲ್ಲ. ಅಡಿಕೆಮರಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆ. ಮರಗಳ ನಡುವೆ ಬಾಳೆ, ಬಾಳೆಯ ನೆರಳಿನಲ್ಲಿ ಏಲಕ್ಕಿ, ಅಲ್ಲಲ್ಲಿ ವೀಳ್ಯದೆಲೆ; ತೋಟದ ಅಂಚಿನಲ್ಲಿ ಹಲಸು, ಮುರುಗಲು; ಹಳ್ಳದ ದಂಡೆಯಲ್ಲಿ ಅಪ್ಪೆಮಿಡಿಯ ಮರ. ಇವೆಲ್ಲದರ ಹಿಂದೆ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವನ್ನು ಹಿಂದಿನ ಕಾಲದಲ್ಲಿಯೇ ಒಪ್ಪಿಕೊಂಡುದು, ಒಂದು ಬೆಳೆಯ ಬದುಕಿಗೆ ಅದರ ಹತ್ತಾರು ಪಟ್ಟು ಹಿನ್ನೆಲೆ ಬೇಕೆಂಬ ಅರಿವಿನಿಂದಲೇ. ಸೊಪ್ಪು, ದರಕು, ಕೊಟ್ಟಿಗೆಯ ಗೊಬ್ಬರ ಇಲ್ಲದೆ ತೋಟವಿಲ್ಲ.

ಈ ಏರ್ಪಾಡು ಬರಿಯ ಅಲಂಕಾರವಲ್ಲ, ಅದರಲ್ಲಿ ಲೆಕ್ಕಾಚಾರವಿದೆ. ಬಾಳೆ ವರ್ಷದೊಳಗೋ ವರ್ಷದ ಮೇಲೆ ಸ್ವಲ್ಪಕಾಲಕ್ಕೋ ಗೊನೆ ಬಿಡುತ್ತದೆ. ಮೆಣಸು ಮೂರು ವರ್ಷಕ್ಕೆ ಕೈಹಿಡಿಯುತ್ತದೆ. ಅಡಿಕೆ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ದೀರ್ಘಕಾಲ ಕಾಯಿಸುವ ಬೆಳೆಯನ್ನು ಬೇಗ ಫಲ ಕೊಡುವ ಬೆಳೆ ಸಾಕುತ್ತದೆ. ಮೆಣಸಿಗೆ ಸೊರಗು ರೋಗ ಬಂದ ವರ್ಷ ಅಡಿಕೆ ಮನೆಯನ್ನು ಹಿಡಿದು ನಿಲ್ಲಿಸುತ್ತದೆ; ಅಡಿಕೆಯ ಧಾರಣೆ ಕುಸಿದ ವರ್ಷ ಮೆಣಸು ನೆರವಾಗುತ್ತದೆ. ಗಮನಿಸಬೇಕಾದುದು ಇನ್ನೊಂದಿದೆ. ಈ ತೋಟದಲ್ಲಿ ಎಲ್ಲವೂ ಸಮಾನ ಸ್ಥಾನದಲ್ಲಿಲ್ಲ. ಅಡಿಕೆ ಕಾಂಡವಾಗಿದೆ, ಮೆಣಸು ಬಳ್ಳಿಯಾಗಿದೆ. ಕಾಂಡವಿಲ್ಲದಿದ್ದರೆ ಬಳ್ಳಿ ನೆಲದ ಮೇಲೆ ಹರಿದು ಕೊಳೆಯುತ್ತದೆ. ಬಳ್ಳಿಯಿಲ್ಲದಿದ್ದರೆ ಕಾಂಡವು ಗಾಳಿಗೂ ಮಾರುಕಟ್ಟೆಗೂ ಒಂಟಿಯಾಗಿ ಎದೆಯೊಡ್ಡಬೇಕಾಗುತ್ತದೆ.

ಒಂದನ್ನೇ ನಂಬಿದರೆ ಏನಾಗುತ್ತದೆಂಬುದನ್ನು ಈ ಭಾಗದ ರೈತರು ಕಣ್ಣಾರೆ ಕಂಡಿದ್ದಾರೆ. 2000ರ ಆಚೀಚೆಗೆ ಮಡಗಾಸ್ಕರದಲ್ಲಿ ಚಂಡಮಾರುತ ಎದ್ದು ಅಲ್ಲಿಯ ವೆನಿಲಾ ಬೆಳೆ ಹಾಳಾದಾಗ ಮಲೆನಾಡಿನಲ್ಲಿ ಹಸಿ ವೆನಿಲಾ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬೆಲೆ ಬಂದಿತು. ಬಳ್ಳಿಯ ತುಂಡುಗಳಿಗೂ ಕಾವಲು ಹಾಕುವ ಕಾಲ ಬಂದಿತು. 2003ರ ನಂತರ ಆ ಬೆಲೆ ಬಂದಷ್ಟೇ ವೇಗವಾಗಿ ಇಳಿದುಹೋಯಿತು. ತೋಟದ ಹಲವು ಬಳ್ಳಿಗಳ ನಡುವೆ ವೆನಿಲಾವನ್ನೂ ಒಂದಾಗಿ ಬೆಳೆಸಿದವರು ನಕ್ಕು ಸುಮ್ಮನಾದರು. ಸಾಲ ಮಾಡಿ ಅದೊಂದನ್ನೇ ನಂಬಿದವರಿಗೆ ನಗುವಷ್ಟು ಸಾವಕಾಶವಿರಲಿಲ್ಲ. ಅದಕ್ಕೂ ಮೊದಲು, 1980ರ ಸುಮಾರಿಗೆ, ನೆರೆಯ ದಕ್ಷಿಣ ಕನ್ನಡದಲ್ಲಿ ಕೋಕೋ ಬೆಳೆದವರು ಕೊಳ್ಳುವವರಿಲ್ಲದೆ ಕಂಗೆಟ್ಟಿದ್ದರು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಕ್ಯಾಂಪ್ಕೋ ಸಂಸ್ಥೆಯು ಆಗ ಕೋಕೋ ಖರೀದಿಗೂ ಕೈಹಾಕಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸಂಸ್ಥೆಯೊಂದು ತನ್ನ ಮೂಲ ಕಾಯಕವನ್ನು ಬಿಡದೆ ಎರಡನೆಯದನ್ನು ಕಲಿತದ್ದರಿಂದ ಬೆಳೆಗಾರ ಉಳಿದನು.

ಅಡಿಕೆಯೇ ಆದರೂ ಶಾಶ್ವತವೆಂದು ಹೇಳುವಂತಿಲ್ಲ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತುದು ಸಂತೋಷದ ಸಂಗತಿ. ಆದರೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. 2013ರಲ್ಲಿ ಕರ್ನಾಟಕ ಸರಕಾರವು ಗುಟ್ಕಾ ನಿಷೇಧಿಸಿತು. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವು ಮಲೆನಾಡಿನ ತೋಟಗಳನ್ನು ಕಾಡುತ್ತಿದೆ. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು 1923ರಲ್ಲಿ ಅಡಿಕೆ ಮಾರಾಟಕ್ಕೆಂದು ಆರಂಭವಾಗಿ, ಕಾಲಕ್ರಮದಲ್ಲಿ ಸುಪರ್ ಮಾರ್ಕೆಟ್ಟು, ಆಸ್ಪತ್ರೆಗಳವರೆಗೆ ತನ್ನ ಕಾರ್ಯಕ್ಷೇತ್ರವನ್ನು ಹಬ್ಬಿಸಿಕೊಂಡುದು ಇದೇ ತೋಟದ ವಿವೇಕದಿಂದ. ಬೆಳೆಗೂ ಸಂಘಕ್ಕೂ ಒಪ್ಪುವ ವಿವೇಕ ಮಕ್ಕಳ ವಿದ್ಯಾಭ್ಯಾಸಕ್ಕೆ ಮಾತ್ರ ಒಪ್ಪದೆಂದರೆ ಹೇಗೆ? ತೋಟದಲ್ಲಿ ಏಳು ಬೆಳೆ ಬೆಳೆಯುವ ತಂದೆಯೇ ಮಗನ ತಲೆಯಲ್ಲಿ ಒಂದೇ ಬೆಳೆಯನ್ನು ಬಿತ್ತಲು ಹೊರಡುವುದು ವಿಚಿತ್ರವಲ್ಲವೆ?

ಗಿಡಮರಗಳ ಮಾತು ಮನುಷ್ಯರಿಗೆ ಅನ್ವಯಿಸದೆಂದು ಕೆಲವರು ಆಕ್ಷೇಪಿಸಬಹುದು. ಅಂಥವರು ಫ. ಗು. ಹಳಕಟ್ಟಿಯವರ ಜೀವನವನ್ನು ನೆನೆಯಲಿ. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ವೃತ್ತಿಯಿಂದ ವಕೀಲರು. ವಿಜಾಪುರ ಅವರ ಕಾರ್ಯಕ್ಷೇತ್ರ. ವಕೀಲಿಯೊಂದರಲ್ಲೇ ನಿಂತಿದ್ದರೆ ಹೆಸರೂ ಹಣವೂ ಬರುತ್ತಿದ್ದವು. ಆದರೆ 1910ರಲ್ಲಿ ವಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆಯ ಸ್ಥಾಪನೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ: ಹೀಗೆ ಒಂದಾದ ಮೇಲೊಂದು ಹೊಣೆಯನ್ನು ಹೊತ್ತರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಹಳಕಟ್ಟಿಯವರು ಹಲವು ಕೆಲಸಗಳಿಗೆ ಕೈಹಾಕಿ ಯಾವುದನ್ನೂ ಮುಗಿಸದವರಲ್ಲ. ಅವರ ಒಂದೊಂದು ವಿದ್ಯೆಯೂ ಇನ್ನೊಂದಕ್ಕೆ ಆಧಾರವಾಯಿತು. ದಾಖಲೆಗಳನ್ನು ಹೋಲಿಸಿ, ಸಾಕ್ಷ್ಯವನ್ನು ತೂಗಿ ನೋಡುವ ವಕೀಲನ ಶಿಸ್ತು, ಮಠಮನೆಗಳ ಜಗುಲಿಯಲ್ಲಿ ಗೆದ್ದಲು ಹಿಡಿಯುತ್ತಿದ್ದ ತಾಡವೋಲೆಗಳನ್ನು ಸಂಗ್ರಹಿಸಿ ಓದುವಾಗ ನೆರವಾಗದೆ ಇರಲು ಸಾಧ್ಯವಿಲ್ಲ. ಸಂಗ್ರಹಿಸಿದುದನ್ನು ಜನರಿಗೆ ಮುಟ್ಟಿಸಲು ಅಚ್ಚುಕೂಟ ಬೇಕಾಯಿತು. ಅಚ್ಚುಕೂಟ ನಡೆಸಲು ಲೆಕ್ಕಪತ್ರದ ಅರಿವು ಬೇಕಾಯಿತು. ಅವರು ಕೇವಲ ಪಂಡಿತರಾಗಿದ್ದರೆ ವಚನಗಳು ಅವರ ಕಪಾಟಿನಲ್ಲಿಯೇ ಉಳಿಯಬಹುದಾಗಿತ್ತು. ಕೇವಲ ವಕೀಲರಾಗಿದ್ದರೆ ಆ ಓಲೆಗಳನ್ನು ಮುಟ್ಟುತ್ತಲೇ ಇರಲಿಲ್ಲ. ಇಂದು ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ವಚನ ಹೇಳುವುದರ ಹಿಂದೆ ಒಬ್ಬ ವಕೀಲನ 'ಅತ್ತ ಇತ್ತ ನೋಡಿದ' ಬದುಕು ಇದೆ.

ಇದೇ ಜಿಲ್ಲೆಯ ದಿನಕರ ದೇಸಾಯಿಯವರೂ ಹೀಗೆಯೇ. 1909ರಲ್ಲಿ ಅಂಕೋಲೆಯ ನೆಲದಲ್ಲಿ ಹುಟ್ಟಿ, ಕಾಯಿದೆಯ ಪದವಿ ಪಡೆದು, ಭಾರತ ಸೇವಕ ಸಮಾಜವನ್ನು ಸೇರಿ, ಮುಂಬಯಿಯಲ್ಲಿ ಹಡಗಿನ ಕೆಲಸಗಾರರ ಸಂಘಟನೆಗೆ ದುಡಿದರು. ಜಿಲ್ಲೆಯ ರೈತರ ಪರವಾಗಿ ಹೋರಾಡಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಿಂದುಳಿದ ಊರುಗಳಲ್ಲಿ ಪ್ರೌಢಶಾಲೆಗಳನ್ನು ತೆರೆದರು. 'ಜನಸೇವಕ' ವಾರಪತ್ರಿಕೆಯನ್ನು ನಡೆಸಿದರು. 1967ರಲ್ಲಿ ಲೋಕಸಭೆಗೆ ಆರಿಸಿಬಂದರು. ಇಷ್ಟಾಗಿಯೂ ಕನ್ನಡಿಗರ ನಾಲಗೆಯ ಮೇಲೆ ಅವರು ಉಳಿದಿರುವುದು ಚುಟುಕದ ಕವಿಯಾಗಿ. ಅವರ ಕಾರ್ಯಗಳ ಕಾಂಡ ಯಾವುದೆಂದು ಹುಡುಕಿದರೆ ಅದು ದೀನರ ಸೇವೆ. ಸಂಘ, ಶಾಲೆ, ಪತ್ರಿಕೆ, ಕವಿತೆಗಳೆಲ್ಲ ಆ ಕಾಂಡಕ್ಕೆ ಹಬ್ಬಿದ ಬಳ್ಳಿಗಳು.

ಇಲ್ಲಿ ಮತ್ತೊಂದು ಆಕ್ಷೇಪ ಬರಬಹುದು. ಶರಣರು ಒಬ್ಬೊಬ್ಬರೂ ಒಂದೊಂದು ಕಾಯಕದ ಹೆಸರಿನಿಂದಲೇ ಪ್ರಸಿದ್ಧರಲ್ಲವೆ? ನುಲಿಯ ಚಂದಯ್ಯ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ: ಇವರು ಒಂದೇ ಕಾಯಕದಲ್ಲಿ ನಿಷ್ಠೆಯಿಂದ ನಿಂತವರಲ್ಲವೆ? ಈ ಪ್ರಶ್ನೆ ಉಚಿತವಾದುದೇ. ಆದರೆ ಆ ಹೆಸರುಗಳನ್ನು ಪೂರ್ತಿಯಾಗಿ ಓದಬೇಕು. ಹಗ್ಗ ಹೊಸೆದ ಕೈ ವಚನವನ್ನೂ ಬರೆಯಿತು. ಹುಟ್ಟು ಹಾಕಿದ ಅಂಬಿಗ ತತ್ತ್ವವಿಚಾರದಲ್ಲಿ ಪಂಡಿತರನ್ನು ಎದುರಿಸಿದ. ಕಾಯಕ ಮಾಡುವವನಿಗೆ ಚಿಂತನೆ ಬೇಡ, ಚಿಂತಿಸುವವನಿಗೆ ಕಾಯಕ ಬೇಡ ಎಂಬ ಹಳೆಯ ವಿಭಜನೆಯನ್ನು ಮುರಿದುದೇ ಅನುಭವ ಮಂಟಪದ ಹಿರಿಮೆ. ಬಸವಣ್ಣನವರೇ ಬಿಜ್ಜಳನ ಭಂಡಾರಿಗಳಾಗಿ ಲೆಕ್ಕ ನೋಡಿದರು, ವಚನಗಳನ್ನು ರಚಿಸಿದರು, ಒಂದು ಸಮಾಜವನ್ನು ಕಟ್ಟಿದರು. ಶಿರಸಿಯ ಸಮೀಪದ ಸೋದೆಯಲ್ಲಿ ಆಳಿದ ಸದಾಶಿವರಾಯನು ಸ್ವರವಚನಗಳನ್ನು ರಚಿಸಿ ಅರಸುತನದ ಜೊತೆಗೆ ಕವಿತ್ವವನ್ನೂ ಉಳಿಸಿಹೋದನು. ನಿಷ್ಠೆಯೆಂದರೆ ಕಿಟಕಿ ಮುಚ್ಚಿಕೊಂಡು ಕೂಡುವುದೆಂದು ಶರಣರು ಎಲ್ಲಿಯೂ ತೋರಿಸಿಕೊಡಲಿಲ್ಲ.

ಆದರೂ ಹಲವು ಕೆಲಸಗಳ ಬದುಕನ್ನು ಕಣ್ಣು ಮುಚ್ಚಿ ಹೊಗಳುವುದೂ ಸಲ್ಲದು. ಬಡವನು ಬೆಳಗ್ಗೆ ಕೂಲಿ, ಮಧ್ಯಾಹ್ನ ಹೊರೆ, ಸಂಜೆ ಕಾವಲು ಎಂದು ಮೂರು ಕೆಲಸ ಮಾಡುತ್ತಾನೆ. ಅದು ಅವನ ಆಯ್ಕೆಯಲ್ಲ, ಅನಿವಾರ್ಯತೆ. ಅದನ್ನು ಬಹುಮುಖ ಪ್ರತಿಭೆಯೆಂದು ಕೊಂಡಾಡಿದರೆ ಅವನ ಕಷ್ಟವನ್ನು ಅಣಕಿಸಿದಂತಾಗುತ್ತದೆ. ಅಂತೆಯೇ ತಿಂಗಳಿಗೊಂದು ಹವ್ಯಾಸ ಹಿಡಿದು ಬಿಡುವ ಚಂಚಲತೆಯೂ ವೈವಿಧ್ಯವಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿ ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತುಗಳ ಉದಯಕ್ಕೆ ಕಾರಣರಾದುದು 1912ರ ನಂತರ. ಅದಕ್ಕೆ ಮುನ್ನ 1884ರಿಂದ ಎರಡು ದಶಕಗಳಿಗೂ ಮಿಕ್ಕು ಮುಂಬಯಿ ಪ್ರಾಂತದಲ್ಲಿ ಇಂಜಿನಿಯರಾಗಿ ನೀರು, ಒಡ್ಡು, ಕಾಲುವೆಗಳ ವಿದ್ಯೆಯನ್ನು ಅರಗಿಸಿಕೊಂಡಿದ್ದರು. ಕಾಂಡ ಗಟ್ಟಿಯಾದ ಮೇಲೆಯೇ ಬಳ್ಳಿಯನ್ನು ಹಬ್ಬಿಸಬೇಕೆಂಬುದನ್ನು ತೋಟಗಾರನೂ ಬಲ್ಲ, ವಿಶ್ವೇಶ್ವರಯ್ಯನವರೂ ಬಲ್ಲರು.

ಮಕ್ಕಳನ್ನು ಒಂದೇ ದಾರಿಗೆ ಹಚ್ಚಿದ ಹಿರಿಯರು ನಡುವೆ ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯಲ್ಲಿಯೇ ಒಂದು ನೋವಿನ ನಿದರ್ಶನವಿದೆ. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ಯಲ್ಲಾಪುರ ಮೊದಲಾದ ಕಡೆಗಳ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳ ತರಬೇತಿಗೆ ಕರೆದೊಯ್ದಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ಗೆದ್ದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ದೇಶ ತಮ್ಮಿಂದ ಒಂದನ್ನೇ ಬಯಸುತ್ತದೆಂದು ನಂಬಿ ಬಾಲ್ಯವನ್ನು ಮೈದಾನಕ್ಕೆ ಕೊಟ್ಟ ಮಕ್ಕಳಲ್ಲಿ ಅನೇಕರು ಕಾಡಿನಂಚಿನ ಹಳ್ಳಿಗಳಿಗೆ, ಕೂಲಿಗೆ ಮರಳಬೇಕಾಯಿತು. ಅವರ ಕಾಲುಗಳಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ಒಂದು ಮಗುವನ್ನು ಒಂದೇ ಗುಣದಿಂದ ಅಳೆದ ದೃಷ್ಟಿಯಲ್ಲಿ. ಈ ಪಾಠ ಕ್ರೀಡೆಗೆ ಮಾತ್ರ ಸೀಮಿತವಲ್ಲ. ಅಂಕಗಳಿಂದ ಮಾತ್ರ ಮಗುವನ್ನು ಅಳೆಯುವ ಶಾಲೆಯೂ ಅದೇ ತಪ್ಪನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ.

ಹಾಗಾದರೆ ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಲಯಗಳು ಮಾಡಬೇಕಾದುದೇನು? ಅವುಗಳಿಗೆ ಇತರ ಶಾಲೆಗಳಿಗಿಲ್ಲದ ಒಂದು ಅನುಕೂಲವಿದೆ. ಪ್ರಸಾದನಿಲಯದಲ್ಲಿ ಬೆಳೆಯುವ ವಿದ್ಯಾರ್ಥಿಯು ಪಾಠದ ಜೊತೆಗೆ ತೋಟದ ಕೆಲಸ, ಅಡುಗೆಮನೆಯ ಸೇವೆ, ಜಾತ್ರೆಯ ವ್ಯವಸ್ಥೆ, ಭಜನೆ, ಲೆಕ್ಕಪತ್ರಗಳನ್ನು ಕಣ್ಣೆದುರಿನಲ್ಲಿಯೇ ಕಾಣುತ್ತಾನೆ. ಇದನ್ನು ಬಿಡುವಿನ ವೇಳೆಯ ಕೆಲಸವೆಂದು ಬಗೆಯದೆ ಕಲಿಕೆಯೆಂದೇ ಎಣಿಸಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಎಂಟನೆಯ ತರಗತಿಯಿಂದ ಹತ್ತರವರೆಗೆ ಒಂದು ಎರಡನೆಯ ಕಾಯಕವನ್ನು ಆರಿಸಿಕೊಳ್ಳಲಿ. ಅಪ್ಪೆಮಿಡಿಯ ಕಸಿ ಕಟ್ಟುವುದು, ಜೇನು ಸಾಕಣೆ, ವಿದ್ಯುತ್ ದುರಸ್ತಿ, ಸಹಕಾರಿ ಸಂಘದ ಲೆಕ್ಕ ಬರೆಯುವುದು, ಯಕ್ಷಗಾನದ ಚಂಡೆ ಮದ್ದಳೆ, ಹಳೆಯ ಓಲೆಗಳ ಓದು: ಯಾವುದಾದರೂ ಆಗಲಿ. ಮೂರು ವರ್ಷ ಅದನ್ನು ಬಿಡದೆ ಕಲಿಯಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೆಯ ತರಗತಿಯಿಂದಲೇ ವೃತ್ತಿ ಕೌಶಲಗಳ ಪರಿಚಯವನ್ನೂ ಹತ್ತು ದಿನಗಳ ಪುಸ್ತಕದ ಚೀಲವಿಲ್ಲದ ಕಲಿಕೆಯನ್ನೂ ಸೂಚಿಸಿತು. ನೀತಿಗಳು ಬರುತ್ತವೆ, ಬದಲಾಗುತ್ತವೆ. ಆದರೆ ಹತ್ತು ದಿನಗಳಲ್ಲಿ ಕೈ ಪಳಗದು. ಅದಕ್ಕೆ ಬೇಕಾದುದು ವರ್ಷಗಳ ಸಾಧನೆ. ಅದನ್ನು ಕೊಡಬಲ್ಲುದು ಶಾಲೆ ಮಾತ್ರ.

ಇಲ್ಲಿ ಶಿಕ್ಷಕರ ಹೊಣೆ ದೊಡ್ಡದು. ಗಣಿತದಲ್ಲಿ ಹಿಂದುಳಿದು ಮದ್ದಳೆಯಲ್ಲಿ ಮುಂದಿರುವ ಹುಡುಗನಿಗೆ ತಾಳದ ಮಾತ್ರೆಗಳಿಂದಲೇ ಭಿನ್ನರಾಶಿಯನ್ನು ಕಲಿಸಬಹುದು. ತೋಟದ ಮನೆಯ ಹುಡುಗಿಗೆ ಬೋರ್ಡೋ ದ್ರಾವಣದ ಸುಣ್ಣ ಮತ್ತು ಮೈಲುತುತ್ತದ ಪ್ರಮಾಣದಿಂದಲೇ ರಸಾಯನಶಾಸ್ತ್ರದ ಬಾಗಿಲು ತೆರೆಯಬಹುದು. ಶಿರಸಿಯಲ್ಲಿ 1985ರಿಂದ ಅರಣ್ಯ ಮಹಾವಿದ್ಯಾಲಯವಿದೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತ ಚರಿತ್ರೆಯೂ ಇದೇ ಮಣ್ಣಿನದು. ಕಾಡನ್ನು ಅರಿಯಲು ಸಸ್ಯಶಾಸ್ತ್ರ ಬೇಕು, ಕಾಯಿದೆ ಬೇಕು, ಜನರ ಮಾತು ತಿಳಿಯುವ ಕಿವಿಯೂ ಬೇಕು ಎಂಬುದನ್ನು ಆ ಘಟನೆಯೊಂದೇ ಸಾಕಷ್ಟು ತಿಳಿಸಿಕೊಡುತ್ತದೆ.

ಹಳೆಯ ವಿದ್ಯಾರ್ಥಿಗಳಿಂದಲೂ ಒಂದು ಸೇವೆ ಸಲ್ಲಬೇಕಾಗಿದೆ. ಶಾಲೆಯ ಸಮಾರಂಭಗಳಿಗೆ ಬಂದಾಗ ಅವರು ಸಾಮಾನ್ಯವಾಗಿ ತಮ್ಮ ಹುದ್ದೆಯನ್ನು ಹೇಳುತ್ತಾರೆ, ಅಲ್ಲಿಗೆ ಸಾಗಿದ ದಾರಿಯನ್ನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದವರು ಊರಿಗೆ ಮರಳಿ ತೋಟ ಹಿಡಿದುದು, ಶಿಕ್ಷಕರಾದವರು ನಿವೃತ್ತಿಯ ಮೇಲೆ ಸಂಘದ ಹೊಣೆ ಹೊತ್ತುದು, ಬ್ಯಾಂಕಿನ ಗುಮಾಸ್ತರು ತಾಳಮದ್ದಳೆಯ ಅರ್ಥಧಾರಿಗಳಾದುದು ಈ ಮೂರು ತಾಲೂಕುಗಳಲ್ಲಿ ಅಪರೂಪದ ಸಂಗತಿಗಳಲ್ಲ. ಆ ತಿರುವುಗಳನ್ನು, ಅಲ್ಲಿ ಕಂಡ ಸೋಲನ್ನೂ ಸೇರಿಸಿ, ಮಕ್ಕಳಿಗೆ ಹೇಳಬೇಕು. ಒಂದು ಬಾಗಿಲು ಮುಚ್ಚಿದಾಗ ಬದುಕು ಮುಗಿಯುವುದಿಲ್ಲವೆಂಬ ಧೈರ್ಯ ಇಂಥ ಮಾತುಗಳಿಂದ ಬಂದಷ್ಟು ಬೇರಾವುದರಿಂದಲೂ ಬಾರದು.

ದಾನಿಗಳ ಔದಾರ್ಯದಿಂದಲೇ ಇಂಥ ವಿದ್ಯಾಸಂಸ್ಥೆಗಳು ನಿಂತಿವೆ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆ ಮೀಸಲಿಟ್ಟು ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ಅನುಸರಿಸಿ ಎಷ್ಟೋ ಮನೆತನಗಳು ದತ್ತಿನಿಧಿಗಳನ್ನು ಇಟ್ಟಿವೆ. ಅವುಗಳಲ್ಲಿ ಹೆಚ್ಚಿನವು ಅತ್ಯಧಿಕ ಅಂಕ ಪಡೆದವರಿಗೆ ಮೀಸಲು. ಅದು ತಪ್ಪಲ್ಲ; ಆದರೆ ಅಷ್ಟೇ ಸಾಲದು. ಹತ್ತರಲ್ಲಿ ಒಂದು ದತ್ತಿಯಾದರೂ ಎರಡನೆಯ ಕಾಯಕದಲ್ಲಿ ನಿಷ್ಠೆ ತೋರಿದವರಿಗೆ ಸಲ್ಲಲಿ. ಐ.ಟಿ.ಐ., ಡಿಪ್ಲೊಮಾ, ಕೃಷಿ ಶಿಕ್ಷಣಕ್ಕೆ ಹೋಗುವವರಿಗೂ ನೆರವು ದೊರೆಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ವಿಷಯ ಬದಲಿಸಿದನೆಂಬ ಕಾರಣಕ್ಕೆ ವಿದ್ಯಾರ್ಥಿವೇತನವನ್ನು ನಿಲ್ಲಿಸುವ ನಿಯಮವಿದ್ದರೆ ಅದನ್ನು ತೆಗೆದುಹಾಕಲಿ. ಹದಿನಾರರ ವಯಸ್ಸಿನಲ್ಲಿ ಆರಿಸಿದ ದಾರಿಯನ್ನು ಹತ್ತೊಂಬತ್ತರಲ್ಲಿ ತಿದ್ದಿಕೊಳ್ಳುವುದು ಅಪರಾಧವಲ್ಲ. ಆ ತಿದ್ದುಪಡಿಗೆ ಶ್ರೀಮಂತರ ಮಕ್ಕಳಿಗೆ ಮಾತ್ರ ಅವಕಾಶವಿರುವುದೇ ನಿಜವಾದ ಅನ್ಯಾಯ.

ಇದರಲ್ಲಿ ಊರಿನ ಭವಿಷ್ಯವೂ ಅಡಗಿದೆ. ಒಂದೇ ವಿದ್ಯೆಯನ್ನು ಕಲಿತವನಿಗೆ ಆ ವಿದ್ಯೆಯ ಕೆಲಸ ಸಿಗುವ ಊರೇ ಊರು. ಹುಟ್ಟಿದ ಊರಿನಲ್ಲಿ ಅವನಿಗೆ ನೆಲೆಯಿಲ್ಲ. ಆದುದರಿಂದಲೇ ಹಲವು ಹಳ್ಳಿಗಳಲ್ಲಿ ದೊಡ್ಡ ಮನೆಗಳಲ್ಲಿ ಇಬ್ಬರು ವೃದ್ಧರು ಉಳಿದಿದ್ದಾರೆ, ತೋಟಗಳಿಗೆ ಕೈಗಳಿಲ್ಲ, ಸಂಘಗಳಿಗೆ ಯುವಕರಿಲ್ಲ. ಹೊರಗೆ ಹೋಗುವುದು ತಪ್ಪಲ್ಲ. ಹೋದವರು ಮರಳುವ ದಾರಿ ಉಳಿದಿರಬೇಕು. ಎರಡು ಕೆಲಸ ಬಲ್ಲವನಿಗೆ ಆ ದಾರಿ ತೆರೆದಿರುತ್ತದೆ. ನಗರದಲ್ಲಿ ಕಲಿತ ಲೆಕ್ಕವನ್ನು ಅವನು ಸೊಸೈಟಿಗೆ ತರಬಲ್ಲ, ಊರಿನಲ್ಲಿ ಕಲಿತ ಕಸಿಯನ್ನು ಹೊಸ ತೋಟಕ್ಕೆ ಒಯ್ಯಬಲ್ಲ.

ಆದುದರಿಂದ ಮಕ್ಕಳಿಗೆ ಕೊಡುವ ಹಳೆಯ ಉಪದೇಶವನ್ನು ಸ್ವಲ್ಪ ತಿದ್ದಿ ಹೇಳುವುದು ಒಳಿತು: ಒಂದು ವಿದ್ಯೆಯನ್ನು ಬುಡದವರೆಗೆ ಕಲಿ, ಅದಕ್ಕೆ ಹಬ್ಬಲು ಮತ್ತೊಂದನ್ನಾದರೂ ಜೊತೆಗಿಡು, ಯಾವ ಕಾಯಕವನ್ನೂ ಕೀಳೆಂದು ತಿಳಿಯಬೇಡ. ಶಾಲೆಯು ಇಷ್ಟನ್ನು ಕಲಿಸಿ ಕಳುಹಿಸಿದರೆ, ಧಾರಣೆ ಏರಿದರೂ ಇಳಿದರೂ, ಕಾಲ ಯಾವ ಬಾಗಿಲನ್ನು ತೆರೆದರೂ ಮುಚ್ಚಿದರೂ, ಅದರ ವಿದ್ಯಾರ್ಥಿಯು ಕೈಕಟ್ಟಿ ನಿಲ್ಲಲಾರನು. ದಾಸೋಹದ ಅನ್ನವನ್ನುಂಡು ಬೆಳೆದವನು ಮುಂದೊಂದು ದಿನ ನಾಲ್ಕು ಜನರಿಗೆ ಅನ್ನವಾಗಬಲ್ಲವನಾದರೆ, ಶಾಲೆಯನ್ನು ಕಟ್ಟಿದ ಹಿರಿಯರ ಶ್ರಮ ಸಾರ್ಥಕವಾದಂತೆಯೇ ಸರಿ.